ಇಬ್ಬರು ಭಾವಂದಿರು, ನನ್ನದೊಂದು ಓಟು

ಆಧುನಿಕ ಪ್ರಜಾಪ್ರಭುತ್ವದಲ್ಲಿ ಕಮ್ಯುನಿಸಂ ನಡೆಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಬೇರೆಯವರ ಮನೆಯಲ್ಲಿ ಹೇಗೋ ಕಾಣೆ, ನಮ್ಮ ಮನೆಗಂತೂ ಅದು ಪ್ರತಿ ಭಾನುವಾರ ಬೆಳಿಗ್ಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತದೆ. ಸಂಜೆಯವರೆಗೆ ಎದ್ದು ಹೋಗುವುದಿಲ್ಲ.

ನಡೆಯುತ್ತದೆ ಎನ್ನುವವರು ನನ್ನ ಗಂಡ. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತೂ ನಿಂತೂ ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಕಾಮ್ರೇಡ್ ಎಂದೇ ಕರೆಯುತ್ತಾರೆ. ನಡೆಯುವುದಿಲ್ಲ ಎನ್ನುವವನು ನನ್ನ ಸ್ವಂತ ಅಣ್ಣ. ಮೂರು ಬೀದಿಯಾಚೆ ಒಂದೇ ಬಾಗಿಲಿನ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ನನ್ನ ಗಂಡ ಅವನನ್ನು ಬಂಡವಾಳಶಾಹಿ ಎಂದು ಬೈದಾಗಲೆಲ್ಲ ಅವನಿಗೆ ಒಳಗೊಳಗೇ ಖುಷಿ. ಬೇರೆ ಯಾರೂ ಅವನನ್ನು ಅಷ್ಟು ದೊಡ್ಡ ಮನುಷ್ಯ ಎಂದುಕೊಂಡಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ‘ಭಾವ’ ಎಂದೇ. ಹಾಗಾಗಿ ಗೋಡೆಯಾಚೆ ಕಿವಿಗೊಟ್ಟು ಕೂತ ಪಕ್ಕದ ಮನೆಯಾಕೆಗೆ ಯಾರು ಯಾರಿಗೆ ಬೈಯುತ್ತಿದ್ದಾರೆ ಎಂಬುದು ಇವತ್ತಿನವರೆಗೂ ಬಗೆಹರಿದಿಲ್ಲ. ಪಾಪ, ಸೋಮವಾರ ನನ್ನನ್ನೇ ಕೇಳುತ್ತಾಳೆ.

ಇವರ ತತ್ವಕ್ಕೂ ನಡತೆಗೂ ಏನಾದರೂ ಸಂಬಂಧ ಇದೆಯೇ ಎಂದು ಕೇಳಬೇಡಿ. ಎಲ್ಲವೂ ಎಲ್ಲರದೂ ಆಗಬೇಕು ಎನ್ನುವ ನನ್ನ ಗಂಡ ತಮ್ಮ ಸ್ಕ್ರೂಡ್ರೈವರ್ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಹೆಂಡತಿಗೂ ಸಿಗದ ಹಾಗೆ ಬಚ್ಚಿಡುತ್ತಾರೆ. ಸ್ವಂತ ಆಸ್ತಿಯೇ ಮನುಷ್ಯನ ಬೆನ್ನೆಲುಬು ಎನ್ನುವ ನನ್ನ ಅಣ್ಣನ ಅಂಗಡಿಯಲ್ಲಿ ಒಂದು ಹಿಡಿ ಮೊಳೆ ಬೇಕಾದರೆ ಯಾರು ಬೇಕಾದರೂ ಕೈ ಹಾಕಿ ತೆಗೆದುಕೊಂಡು ಹೋಗುತ್ತಾರೆ. ಅವನು ಆ ಕಡೆ ನೋಡುತ್ತಾ ಕೂರುತ್ತಾನೆ. ಒಂದು ಸಲ ನಾನು ಇದನ್ನು ಇಬ್ಬರ ಮುಂದೆಯೂ ಇಟ್ಟೆ. “ಅದು ಬೇರೆ” ಅಂದರು ಇಬ್ಬರೂ ಒಟ್ಟಿಗೆ. ಅವರು ಒಮ್ಮತಕ್ಕೆ ಬಂದಿದ್ದು ಅದೊಂದೇ ಸಲ.

ವಾದ ಎಲ್ಲಿಂದ ಶುರುವಾದರೂ ಕೊನೆಗೆ ಬಂದು ಸಿಕ್ಕಿಕೊಳ್ಳುವುದು ಒಂದೇ ಜಾಗದಲ್ಲಿ.

“ಸರಿ ಭಾವ, ಜನ ಓಟು ಹಾಕಿ ನಿಮ್ಮವರನ್ನ ಗೆಲ್ಲಿಸಿದ್ರು ಅಂತಲೇ ಇಟ್ಕೊ. ನನ್ನ ಅಂಗಡಿ ಎಲ್ಲರದೂ ಆಯ್ತು. ಮುಂದಿನ ಚುನಾವಣೇಲಿ ಅದೇ ಜನ ನಿಮ್ಮನ್ನ ಸೋಲಿಸಿದ್ರು. ಆಗ ನನ್ನ ಅಂಗಡಿ ವಾಪಸ್ ಕೊಡ್ತೀಯಾ?” ಇದು ಅಣ್ಣ.

“ಜನ ಸೋಲಿಸಲ್ಲ.”

“ಸೋಲಿಸಿದ್ರೆ?”

“ಅಂಗಡಿ ತಮ್ಮದೇ ಆದ್ಮೇಲೆ ಅದನ್ನ ನಿನಗೆ ವಾಪಸ್ ಕೊಡೋಕೆ ಅವರಿಗೇನು ತಲೆ ಕೆಟ್ಟಿದೆಯಾ?”

“ಅಂದ್ರೆ ಕೊಡಲ್ಲ. ಕೊಡದೇ ಇದ್ರೆ ಅದು ಎಂಥ ಪ್ರಜಾಪ್ರಭುತ್ವ?”

“ಈಗ ಇರೋದು ಎಂಥದ್ದು? ಐದು ವರ್ಷಕ್ಕೊಂದು ದಿನ ರಾಜ, ಉಳಿದ ದಿನ ಮಾಲೀಕನ ಮುಂದೆ ಕೈಕಟ್ಟಿ ನಿಲ್ಲಬೇಕು. ಕಾರ್ಖಾನೆ ಗೇಟಿನ ಒಳಗೆ ಓಟು ಎಲ್ಲಿದೆ, ತೋರಿಸು ನೋಡೋಣ.”

ಇಷ್ಟಾದ ಮೇಲೆ ಟೀ ಎನ್ನುತ್ತಾರೆ. ಟೀ ಎಂದರೆ ನಾನು.

ನಿಜ ಹೇಳುತ್ತೇನೆ, ನನಗೆ ಈ ವಾದದ ಮೇಲೆ ಸಿಟ್ಟಿತ್ತು. ನಾನು ಬಟ್ಟೆ ಹೊಲಿಯುವವಳು. ಮನೆಯಲ್ಲಿ ಒಳ್ಳೆಯ ಬೆಳಕು ಬರುವುದು ಮುಂದಿನ ಕೋಣೆಯ ಕಿಟಕಿಯಿಂದ ಮಾತ್ರ. ಅಲ್ಲಿ ಇವರಿಬ್ಬರೂ ಜಗತ್ತನ್ನು ಹಂಚಿಕೊಳ್ಳುತ್ತಾ ಕೂತರೆ, ನಾನು ಅಡುಗೆಮನೆ ಪಕ್ಕದ ಇಕ್ಕಟ್ಟಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸಲು ತಡಕಾಡಬೇಕು.

ಹೀಗಿರುವಾಗ ಒಂದು ಭಾನುವಾರ ಮಾತು ಹದ ತಪ್ಪಿತು. ಅಣ್ಣ ಎಂದಿನಂತೆ “ವಾಪಸ್ ಕೊಡ್ತೀಯಾ, ಇಲ್ವಾ” ಎಂದು ಮೇಜು ಕುಟ್ಟಿದ. ನನ್ನ ಗಂಡ ಎದ್ದು ನಿಂತು, ನಿನ್ನಂಥ ಮೊಂಡನಿಗೆ ಜನರೇ ಬುದ್ಧಿ ಹೇಳಬೇಕು ಎಂದರು. ಜನರ ಮುಂದೆಯೇ ಆಗಿಹೋಗಲಿ ಎಂದ ಇವನು. ಅದೇ ಹೊತ್ತಿಗೆ ಕಿಟಕಿಯ ಹೊರಗೆ ವಾಚನಾಲಯದ ಕಾರ್ಯದರ್ಶಿ ಹೋಗುತ್ತಿದ್ದರು. ಶಾಲೆಯ ಹೆಡ್‌ಮಾಸ್ಟರಾಗಿದ್ದ ಅವರು ವಾಚನಾಲಯಕ್ಕೆ ಜನ ಬರುವುದಿಲ್ಲವೆಂದು ಕೊರಗುತ್ತಿದ್ದವರು. ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿ, “ನಮ್ಮಲ್ಲೇ ಇಟ್ಕೊಳ್ಳಿ, ಮುಂದಿನ ಶನಿವಾರ ಸಂಜೆ. ಬಂದವರು ಕೈ ಎತ್ತಿ ತೀರ್ಮಾನ ಹೇಳಲಿ” ಎಂದುಬಿಟ್ಟರು.

“ಸೋತವನು ಆಮೇಲೆ ಈ ವಿಷಯ ಜನ್ಮದಲ್ಲಿ ಎತ್ತಬಾರದು” ಎಂದರು ನನ್ನ ಗಂಡ.

“ಎತ್ತಿದ್ರೆ ಕೇಳು” ಎಂದ ಅಣ್ಣ.

ನನಗೋ ಸ್ವರ್ಗಕ್ಕೆ ಮೂರೇ ಗೇಣು. ಯಾರು ಸೋತರೆ ನನಗೇನು, ಒಟ್ಟಿನಲ್ಲಿ ಕಿಟಕಿ ನನ್ನದು. ಯಂತ್ರವನ್ನು ಯಾವ ಮೂಲೆಗೆ ತಿರುಗಿಸಿಡಬೇಕು ಎಂದು ಕಣ್ಣಲ್ಲೇ ಅಳತೆ ಮಾಡಿದೆ. ಅದೇ ಗುಂಗಿನಲ್ಲಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಅಣ್ಣನನ್ನು ಕೇಳಿದೆ, “ಶನಿವಾರ ಮುಗಿಯತ್ತೆ. ಭಾನುವಾರ ಊಟಕ್ಕೆ ಏನು ಮಾಡ್ಲಿ?”

“ವಾದವೇ ಮುಗಿದ್ಮೇಲೆ ನಾನ್ಯಾಕೆ ಬರ್ಲಿ?” ಎಂದ. ನಗುತ್ತಲೇ ಅಂದ, ಹೊರಟೂ ಹೋದ.

ನಾನು ಬಾಗಿಲಲ್ಲೇ ನಿಂತೆ.

ಅತ್ತಿಗೆ ತೀರಿಕೊಂಡ ಮೇಲೆ ನಾನು ಅಣ್ಣನನ್ನು ಊಟಕ್ಕೆ ಕರೆದು ಕರೆದು ಸೋತಿದ್ದೆ. ಅಂಗಡಿ ಇದೆ ಅನ್ನುತ್ತಿದ್ದ, ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದ. ತಂಗಿಯ ಮನೆಯಲ್ಲಿ ತಟ್ಟೆ ಹಾಕಿಸಿಕೊಂಡು ಕೂರುವುದು ಅವನ ಜಾಯಮಾನಕ್ಕೆ ಒಗ್ಗುವುದಿಲ್ಲ. ಆಮೇಲೆ ಒಂದು ದಿನ ಅಂಗಡಿಯಲ್ಲಿ ನನ್ನ ಗಂಡ ಬೋಲ್ಟು ಕೊಳ್ಳುತ್ತಾ ಇವನ ಬಾಯಿಗೆ ಕೋಲು ಹಾಕಿದರು, ಇವನು ಉತ್ತರ ಕೊಡಲು ಭಾನುವಾರ ಮನೆಗೇ ಬಂದ. ಮಾತಿನ ಮಧ್ಯೆ ಊಟದ ಹೊತ್ತಾಯಿತು. ವಾದ ಬಿಟ್ಟು ಏಳುವಂತಿರಲಿಲ್ಲ, ಹಾಗಾಗಿ ಉಂಡ. ಅಂದಿನಿಂದ ಅವನು ನಮ್ಮ ಮನೆಗೆ ಊಟಕ್ಕೆಂದು ಬಂದವನೇ ಅಲ್ಲ. ಜಗಳಕ್ಕೆಂದು ಬರುತ್ತಾನೆ, ಮಧ್ಯೆ ಊಟ ಆಗುತ್ತದೆ. ಶನಿವಾರ ಇಬ್ಬರಲ್ಲಿ ಯಾರು ಗೆದ್ದರೂ ನನ್ನ ಅಣ್ಣ ನನಗೆ ಇಲ್ಲ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯದೆ, ನಾನು ಕಿಟಕಿ ಅಳೆಯುತ್ತಾ ನಿಂತಿದ್ದೆನಲ್ಲ ಎಂದು ನನ್ನ ಮೇಲೇ ಕೋಪ ಬಂತು.

ಗಂಡನಿಗೆ ಹೇಳಿದೆ, ಇದನ್ನು ಕೈಬಿಡಿ ಎಂದು. “ಸಿದ್ಧಾಂತದ ಪ್ರಶ್ನೆ” ಎಂದರು. ಯಾಕೆ ಕೈಬಿಡಬೇಕೆಂದು ಬಿಡಿಸಿ ಹೇಳಿದೆ. “ನಾನು ಹಿಂದೆ ಸರಿದ್ರೆ ಸೋತ ಹಾಗೇ ಅಲ್ವಾ? ಸೋತ್ರೂ ಮಾತು ನಿಲ್ಲತ್ತೆ” ಎಂದರು. ಅಂಗಡಿಗೆ ಹೋಗಿ ಅಣ್ಣನಿಗೆ ಹೇಳಿದೆ. ಅವನಿಗೆ ಕಾರಣ ಹೇಳುವಂತಿಲ್ಲ, ಹೇಳಿದರೆ ಆ ಕ್ಷಣದಿಂದಲೇ ಬರುವುದು ಬಿಡುತ್ತಾನೆ. ಸುಮ್ಮನೆ ‘ಬೇಡ’ ಎಂದೆ. “ಗಂಡ ಸೋಲ್ತಾನೆ ಅಂತ ಹೆದರಿಕೆ ನಿನಗೆ” ಎಂದು, ಹಿತ್ತಲ ಬಾಗಿಲಿಗಿರಲಿ ಅಂತ ನನ್ನ ಕೈಗೆ ಒಂದು ಹೊಸ ಚಿಲಕ ಕೊಟ್ಟು ಕಳಿಸಿದ.

ಕಾರ್ಯದರ್ಶಿಗಳ ಬಳಿ ಹೋದರೆ ಅವರ ಚಿಂತೆಯೇ ಬೇರೆ. ಸಭೆಗೆ ಅಧ್ಯಕ್ಷರು ಸಿಕ್ಕಿಲ್ಲ. ಇವರಿಬ್ಬರ ಮಧ್ಯೆ ಕೂರಲು ಊರಲ್ಲಿ ಯಾರಿಗೂ ಧೈರ್ಯವಿಲ್ಲ. “ನೀವೇ ಆಗಿ. ಒಬ್ಬರು ಗಂಡ, ಒಬ್ಬರು ಅಣ್ಣ. ನಿಮ್ಮಷ್ಟು ನಿಷ್ಪಕ್ಷಪಾತಿ ಇನ್ನಾರಿದಾರೆ?” ಎಂದರು. ಅಧ್ಯಕ್ಷರಿಗೆ ಸಭೆ ನಿಲ್ಲಿಸುವ ಅಧಿಕಾರ ಇರುತ್ತದೆಂದು ಎಲ್ಲೋ ಕೇಳಿದ್ದೆ. ಅದೊಂದು ಆಸೆಗೆ ಒಪ್ಪಿಕೊಂಡೆ. ಆ ಅಧಿಕಾರ ಬೆಂಕಿ ಬಿದ್ದರೆ ಮಾತ್ರ ಎಂದು ಶನಿವಾರ ಸಂಜೆ ನಾನು ಕುರ್ಚಿಯಲ್ಲಿ ಕೂತ ಮೇಲೆ ಹೇಳಿದರು.

ವಾಚನಾಲಯದ ಹಿಂದಿನ ಕೋಣೆ ತುಂಬಿತ್ತು. ಬೆಂಚುಗಳ ಮೇಲೆ ಕ್ಷೌರದಂಗಡಿಯವನು, ಔಷಧದಂಗಡಿಯ ದಂಪತಿ, ಬಸ್ ಡ್ರೈವರ್, ಅಂಚೆಯವಳು, ಮುಂದಿನ ಸಾಲಿನಲ್ಲಿ ಪಕ್ಕದ ಮನೆಯಾಕೆ. ಭಾವ ಭಾವ ಎನ್ನುವವರ ಮುಖವನ್ನು ಎದುರಿಗೇ ನೋಡುವ ಭಾಗ್ಯ ಸಿಕ್ಕಿತೆಂದು ಆಕೆಯ ಸಂಭ್ರಮ ಹೇಳತೀರದು.

ನನ್ನ ಗಂಡ ಚೆನ್ನಾಗಿ ಶುರು ಮಾಡಿದರು. “ನೀವು ಕೂತಿರೋ ಈ ಬೆಂಚು ಯಾರದು? ಯಾರದ್ದೂ ಅಲ್ಲ, ಎಲ್ಲರದು. ಈ ಪುಸ್ತಕ, ಹೊರಗಿನ ರಸ್ತೆ, ಬೀದಿದೀಪ, ಎಲ್ಲಾ ಎಲ್ಲರದು. ಇದಕ್ಕೇನು ರಕ್ತಪಾತ ಆಯ್ತಾ? ಓಟು ಹಾಕಿದ್ವಿ, ಬಂತು. ಹಾಗೇ ಕಾರ್ಖಾನೇನೂ ಬರತ್ತೆ.”

“ಬೆಂಚು ಎಲ್ಲರದು, ಸರಿ” ಎಂದ ಅಣ್ಣ. “ಅದಕ್ಕೇ ಅದರ ಕಾಲು ಅಲ್ಲಾಡ್ತಾ ಇದೆ. ಎಲ್ಲರದೂ ಅಂದ್ರೆ ಮೊಳೆ ಹೊಡೆಯೋನು ಯಾರು?”

ಜನ ನಕ್ಕರು. ಬೆಂಚಿನ ಮೇಲಿದ್ದವರು ಸ್ವಲ್ಪ ಕಡಿಮೆ ನಕ್ಕರು.

“ಮೊಳೆ ಹೊಡೆಯೋನು ನಾನು. ಮೊಳೆ ಇಟ್ಕೊಂಡು ಕೂತೋನು ಇವನು. ಇದೇ ಸಮಸ್ಯೆ” ಎಂದರು ನನ್ನ ಗಂಡ. ಈಗ ಬೆಂಚಿನವರೂ ನಕ್ಕರು.

ಆಮೇಲೆ ಬಂತು ಆ ಹಳೆಯ ಪ್ರಶ್ನೆ, ವಾಪಸ್ ಕೊಡ್ತೀಯಾ ಎಂಬುದು. ಮನೆಯಲ್ಲಾದರೆ ನನ್ನ ಗಂಡ ಗುಡುಗುತ್ತಿದ್ದರು. ಅಲ್ಲಿ ಜನರ ಮುಖ ನೋಡಿ ತಡವರಿಸಿದರು. ಕೊಡುತ್ತೇವೆ ಎಂದರೆ ಅವರ ಕಮ್ಯುನಿಸಂ ಮುಂದಿನ ಚುನಾವಣೆಯವರೆಗಿನ ಬಾಡಿಗೆ ಮನೆ. ಕೊಡುವುದಿಲ್ಲ ಎಂದರೆ ಪ್ರಜಾಪ್ರಭುತ್ವದ ಕತೆ ಮುಗಿಯಿತು. ಕೊನೆಗೆ, “ಜನ ಕೇಳಿದ್ರೆ ಕೊಡಬೇಕಾಗತ್ತೆ. ಆದ್ರೆ ಕೇಳದ ಹಾಗೆ ನಡೆಸ್ಕೊಂಡು ಹೋಗೋದೇ ನಮ್ಮ ಕೆಲಸ” ಎಂದು ತಣ್ಣಗೆ ಹೇಳಿ ಕೂತರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಕೇಳಿದ ಅತ್ಯಂತ ಒಳ್ಳೆಯ ಮಾತು ಅದು ಎಂದು ನನಗನ್ನಿಸಿತು. ಆದರೆ ಸಭೆಗೆ ಅದು ಸೋಲಿನ ಹಾಗೆ ಕೇಳಿಸಿತು. ಅಣ್ಣನ ಮುಖ ಮಾತ್ರ ಗೆದ್ದವನ ಮುಖದ ಹಾಗಿರಲಿಲ್ಲ. ಗೆದ್ದೆನಲ್ಲ, ಇನ್ನೇನು ಗತಿ ಎನ್ನುವಂತೆ ನನ್ನ ಕಡೆ ಒಮ್ಮೆ ನೋಡಿದ.

ಕಾರ್ಯದರ್ಶಿಗಳು ಎದ್ದರು. “ನಡೆಯುತ್ತದೆ ಅನ್ನೋರು ಕೈ ಎತ್ತಿ.”

ಕೈಗಳು ಎದ್ದವು. ನನ್ನ ಗಂಡನ ಕೈ ಎಲ್ಲಕ್ಕಿಂತ ಮೇಲಿತ್ತು. ಕಾರ್ಯದರ್ಶಿಗಳು ಎಣಿಸುತ್ತಾ ಬಂದು ಅಣ್ಣನ ಮುಂದೆ ನಿಂತುಬಿಟ್ಟರು. ಅವನ ಕೈಯೂ ಮೇಲಿತ್ತು.

“ನೀವು ವಿರೋಧ ಪಕ್ಷ” ಎಂದರು ಕಾರ್ಯದರ್ಶಿಗಳು.

“ಗೊತ್ತು.”

“ಮತ್ತೆ ಕೈ?”

ನನ್ನ ಗಂಡ ಕೆಂಪಗಾದರು. “ಭಾವ, ಕೈ ಇಳಿಸು. ನಿನ್ನ ಭಿಕ್ಷೆ ನನಗೆ ಬೇಡ.”

“ನನ್ನ ಕೈ ಭಾವ, ನನ್ನ ಸ್ವಂತ ಆಸ್ತಿ. ಎಲ್ಲಿ ಬೇಕಾದ್ರೂ ಎತ್ತುತ್ತೀನಿ. ಕೇಳೋಕೆ ನೀನ್ಯಾರು?”

“ಅಂತಃಸಾಕ್ಷಿ ಮಾರ್ಕೊಂಡು ಓಟು ಹಾಕೋದೇ ಬಂಡವಾಳಶಾಹಿ ಬುದ್ಧಿ.”

“ಕಮ್ಯುನಿಸಂಗೆ ಓಟು ಹಾಕಿದ್ರೂ ಬೈತಾನಲ್ರೀ ಈ ಮನುಷ್ಯ” ಎಂದು ಅಣ್ಣ ಸಭೆಗೇ ದೂರು ಹೇಳಿದ. ಕೈ ಮಾತ್ರ ಇಳಿಸಲಿಲ್ಲ.

ಆಮೇಲೆ ನಡೆಯುವುದಿಲ್ಲ ಎನ್ನುವವರ ಸರದಿ. ಕಾರ್ಯದರ್ಶಿಗಳು ಎಣಿಸಿದರು, ನಂಬಿಕೆಯಾಗದೆ ಮತ್ತೆ ಎಣಿಸಿದರು. ಎರಡೂ ಕಡೆ ಸಮಸಮ. ಅಣ್ಣ ಕೈ ಎತ್ತದೇ ಇದ್ದಿದ್ದರೆ ಅವನೇ ಗೆದ್ದಿರುತ್ತಿದ್ದ. “ಸಮ ಬಂದರೆ ಅಧ್ಯಕ್ಷರ ಓಟೇ ಕೊನೆಯದು” ಎಂದು ಹೇಳಿ ಕಾರ್ಯದರ್ಶಿಗಳು ಕೂತರು. ಕೋಣೆಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು.

ಎದ್ದು ನಿಂತೆ. ಬಲಗಡೆ ಗಂಡ, ಎಡಗಡೆ ಅಣ್ಣ. ಗಂಡನ ಪರ ಎಂದರೆ ಅಣ್ಣನ ಬಾಯಿಗೆ ಬೀಗ. ಅಣ್ಣನ ಪರ ಎಂದರೆ ಗಂಡನ ಬಾಯಿಗೆ ಬೀಗ, ಆಗ ಅಣ್ಣ ಬಂದು ಯಾರ ಹತ್ತಿರ ಮಾತಾಡುತ್ತಾನೆ? ಅವನ ಅಂಗಿಯ ಎರಡನೇ ಗುಂಡಿಗೆ ಬೇರೆ ಬಣ್ಣದ ದಾರವಿತ್ತು, ಹೊಲಿಗೆ ಸೊಟ್ಟಗಿತ್ತು. ತಾನೇ ಹಾಕಿಕೊಂಡಿದ್ದಾನೆ. ಹೊಲಿಗೆಯವಳ ಅಣ್ಣ, ಒಂದು ಗುಂಡಿಗೆ ತಂಗಿಯನ್ನು ಕೇಳಲಿಲ್ಲ. ನನಗೆ ಸಂಕಟವೂ ಆಯಿತು, ಮೈಯೆಲ್ಲ ಉರಿಯಿತು ಕೂಡ.

“ನನಗೆ ಇನ್ನೂ ಅರ್ಥ ಆಗಿಲ್ಲ” ಎಂದೆ.

ಕಾರ್ಯದರ್ಶಿಗಳು ಕನ್ನಡಕ ತೆಗೆದರು. “ಇಷ್ಟು ವರ್ಷದಿಂದ ನಿಮ್ಮ ಮನೇಲೇ ನಡೀತಾ ಇದೆಯಲ್ಲಮ್ಮ?”

“ನಾನು ಒಳಗಿರ್ತಿದ್ದೆ. ಅರ್ಧಂಬರ್ಧ ಕೇಳಿಸ್ತಿತ್ತು. ಅರ್ಥ ಆಗದೆ ಓಟು ಹಾಕಿದ್ರೆ ಅದು ಎಂಥ ಪ್ರಜಾಪ್ರಭುತ್ವ? ಇಬ್ಬರೂ ಮೊದಲಿಂದ ನನಗೆ ಹೇಳ್ಲಿ. ಅರ್ಥ ಆದ ದಿನ ಹಾಕ್ತೀನಿ. ಅಲ್ಲೀವರೆಗೆ ಯಾರೂ ಸೋತಿಲ್ಲ.”

ಔಷಧದಂಗಡಿಯಾಕೆ ಮೊದಲು ನಕ್ಕಳು, ಆಮೇಲೆ ಎಲ್ಲರೂ. ನನ್ನ ಗಂಡ ತಲೆ ತಗ್ಗಿಸಿ ಮೂಗು ಉಜ್ಜಿಕೊಂಡರು. ನನ್ನ ಮಾತಿನ ಮರ್ಮ ತಿಳಿದಾಗ ಅವರು ಹಾಗೆಯೇ ಮಾಡುವುದು. ಅಣ್ಣ ಮಾತ್ರ ನನ್ನ ಮೇಲೆ ಹರಿಹಾಯ್ದ. “ಅರ್ಥ ಆಗ್ಲಿಲ್ವಂತೆ. ಇವನು ಸರಿಯಾಗಿ ಹೇಳಿದ್ರೆ ತಾನೆ ಅರ್ಥ ಆಗೋದು?”

“ನಾನು ಹೇಳೋವಾಗ ನೀನು ಮಧ್ಯೆ ಬಾಯಿ ಹಾಕದೆ ಇದ್ರೆ ತಾನೆ?” ಎಂದರು ಇವರು. ಇಬ್ಬರೂ ಜಗಳವಾಡುತ್ತಲೇ ಮೆಟ್ಟಿಲಿಳಿದರು.

ಮರುದಿನ ಅಣ್ಣ ಎಂದಿಗಿಂತ ಮುಂಚೆ ಬಂದ. ಅರ್ಥ ಮಾಡಿಕೊಳ್ಳಬೇಕಾದವಳು ನಾನು, ಆದ್ದರಿಂದ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತೆ. ಒಳಗೆ ಹೋದರೆ ಮತ್ತೆ ಅರ್ಧಂಬರ್ಧ ಆಗುತ್ತದೆ ಎಂದೆ. ಹಾಗಾಗಿ ನನ್ನ ಗಂಡ ಟೀ ಕಾಸಿದರು, ಉಕ್ಕಿಸಿದರು. ಅಣ್ಣ ಬಟಾಣಿ ಸುಲಿಯುತ್ತಾ ಲಾಭ ಎಂದರೇನು ಎಂಬುದನ್ನು ಮೊದಲಿಂದ ವಿವರಿಸಿದ. ಯಾರು ಎಷ್ಟು ಸುಲಿದರು ಎಂಬುದರ ಮೇಲೆ ಇನ್ನೊಂದು ಜಗಳವಾಯಿತು. ಊಟದ ಹೊತ್ತಿಗೆ ಮೂವರೂ ತಟ್ಟೆಯ ಮುಂದೆ ಕೂತಿದ್ದೆವು.

“ಈಗ ಅರ್ಥ ಆಯ್ತೇನಮ್ಮ?” ಎಂದು ಕೇಳಿದ ಅಣ್ಣ.

“ಇಲ್ಲಣ್ಣ.”

ಅವನು ನನ್ನನ್ನು ನೋಡಲಿಲ್ಲ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, “ಅವಸರ ಏನಿಲ್ಲ ಬಿಡು” ಎಂದ.