ಹತ್ತನೆಯ ವಾಕ್ಯ

ನಾಗಶ್ರೀ ಮಿಸ್ಸಿಗೆ ಇಂಗ್ಲಿಷ್ ಎಂದರೆ ಪ್ರಾಣ, ಪುಸ್ತಕ ತಿದ್ದುವುದೆಂದರೆ ಪ್ರಾಣಸಂಕಟ. ಹತ್ತನೇ ಕ್ಲಾಸಿನ ಎರಡು ಸೆಕ್ಷನ್ ಸೇರಿ ಅರವತ್ತೆರಡು ಮಕ್ಕಳು, ತಲೆಗೆ ಹತ್ತು ವಾಕ್ಯ. ಯಾರ ಕೈಲಾಗುತ್ತದೆ ಹೇಳಿ! ಅದಕ್ಕೇ ಆಕೆ ಸಂಜೆ ಪುಸ್ತಕಗಳನ್ನು ಚೀಲಕ್ಕೆ ತುಂಬಿ, ಬಣಕಲ್‌ನಲ್ಲಿ ಬಸ್ಸು ಹತ್ತಿ, ಮೂಡಿಗೆರೆ ತಲುಪುವಷ್ಟರಲ್ಲಿ ಅರ್ಧ ಮುಗಿಸಿಬಿಡುತ್ತಿದ್ದಳು. ತಿರುವಿನಲ್ಲಿ ಬಸ್ಸು ವಾಲಿದರೆ ಆಕೆಯ ರೈಟ್ ಮಾರ್ಕೂ ವಾಲುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಪುಸ್ತಕ ಬಾಕಿ ಉಳಿಸಿದವಳಲ್ಲ ಎಂದು ಹೆಡ್‌ಮಾಸ್ಟರು ಮೀಟಿಂಗಿನಲ್ಲಿ ಹೊಗಳಿದ್ದರು. ಆಕೆಯೂ ಹಿಗ್ಗಿದ್ದಳು.

ಫೆಬ್ರವರಿ ಕೊನೆಯಲ್ಲಿ ಮಾಡಿದ ಪಾಠ, ಮುಂದೆ ಮಾಡಬೇಕೆಂದಿರುವುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ ಎಂಬುದು. ನಾಳೆ ಏನು ಮಾಡುತ್ತೀರಿ, ಮುಂದಿನ ವಾರ ಎಲ್ಲಿಗೆ ಹೋಗುತ್ತೀರಿ, ಹತ್ತು ವಾಕ್ಯ ಬರೆದು ತನ್ನಿ ಎಂದಳು. ಮಕ್ಕಳು ಬರೆದು ತಂದರು. ಡಾಕ್ಟರಾಗುತ್ತೇನೆ, ಪೊಲೀಸಾಗುತ್ತೇನೆ, ಅಜ್ಜಿಗೆ ಹಲ್ಲು ಕಟ್ಟಿಸುತ್ತೇನೆ. ಮಿಸ್ಸು ಬಸ್ಸಿನಲ್ಲಿ ತಿದ್ದಿ, ಗುಡ್ ಬರೆದು, ಬುಧವಾರ ಹಂಚಿದಳು. ಒಂದು ಕೆಲಸ ಮುಗಿಯಿತು ಎಂದುಕೊಂಡಳು.

ಎಲ್ಲಿಯ ಮುಗಿಯುವುದು! ಮುಂದಿನ ಬುಧವಾರ ಹಾಲ್ ಟಿಕೆಟ್ ಹಂಚುವಾಗ ಆಕೆಯ ಕೈಯಲ್ಲಿ ಒಂದು ಉಳಿಯಿತು. ಧನ್ಯಶ್ರೀಯದು. ಜಯದೇವಪ್ಪನವರ ಕಾಫಿ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯಲ್ಲಿರುವ ಕೆಂಪಯ್ಯನ ಮಗಳು. ಓದಿನಲ್ಲಿ ಚುರುಕು, ಆದರೆ ಏನು ಕೇಳಿದರೂ ನೆಲ ನೋಡುವ ಹುಡುಗಿ. ಸೋಮವಾರದಿಂದ ಬಂದಿರಲಿಲ್ಲ.

"ಅವ್ಳು ಮೈಸೂರಿಗೆ ಹೋದ್ಲು ಮಿಸ್. ರಕ್ಷಾ ಅಕ್ಕನ ಮಗು ನೋಡ್ಕೊಳ್ಳೋಕೆ," ಎಂದಳು ಪಕ್ಕದಲ್ಲಿ ಕೂರುವ ಕೃತಿಕಾ. ರಕ್ಷಾ ಎಂದರೆ ಜಯದೇವಪ್ಪನವರ ಮಗಳು. "ನಿಮ್ಗೆ ಗೊತ್ತಲ್ಲ ಮಿಸ್?"

"ನಂಗ್ಯಾರು ಹೇಳಿದ್ರು?"

"ಅವ್ಳೇ ಬರ್ದು ಕೊಟ್ಟಿದ್ಲಲ್ಲ."

ಗೊಬ್ಬರದಂಗಡಿಯ ಕ್ಯಾಲೆಂಡರ್ ಹಾಳೆ ಸುತ್ತಿದ್ದ ಹತ್ತು ವಾಕ್ಯದ ಆ ಪುಸ್ತಕ ಮಿಸ್ಸಿಗೆ ನೆನಪಿತ್ತು. ಒಳಗೆ ಏನಿತ್ತೆಂದು ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಪರೀಕ್ಷೆಗೆ ಇನ್ನು ಮೂರೇ ವಾರ. ಈಗ ತಪ್ಪಿದರೆ ಆ ಹುಡುಗಿ ಮತ್ತೆ ಪುಸ್ತಕ ಹಿಡಿಯುವುದು ಕನಸಿನ ಮಾತು. ಹಾಗೆ ಹೋದವರನ್ನು ಮಿಸ್ಸು ಎಷ್ಟೋ ಕಂಡಿದ್ದಳು.

ಸಂಜೆ ಬಸ್ಸು ಬಿಟ್ಟು ಲೈನಿನ ಕಡೆ ನಡೆದಳು. ಹಿಂದಿನ ವಾರ ಬಿದ್ದ ಹೂಮಳೆಗೆ ತೋಟವೆಲ್ಲ ಬೆಳ್ಳಗೆ ಅರಳಿ ಘಮಘಮ ಎನ್ನುತ್ತಿತ್ತು. ಬೇರೆ ದಿನವಾಗಿದ್ದರೆ ನಿಂತು ನಾಲ್ಕು ಫೋಟೋ ತೆಗೆಯುತ್ತಿದ್ದಳು.

"ಅಯ್ಯೋ, ಮಿಸ್ಸು ಬಂದವ್ರೆ!" ಎಂದು ಹುಡುಗಿಯ ತಾಯಿ ಮರಿಯಮ್ಮ ಕುರ್ಚಿ ಒರೆಸಿ ಹಾಕಿದಳು. ಕೆಂಪಯ್ಯ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಿಂತ. ಅವರ ಮುಖದಲ್ಲಿದ್ದ ಸಂತೋಷ ನೋಡಿ ಮಿಸ್ಸಿಗೆ ಕೋಪವೇ ಬಂತು.

"ಅಲ್ಲ ಕೆಂಪಯ್ಯ, ಮೂರು ವಾರ ತಡ್ಕೊಳ್ಳೋಕೆ ಆಗ್ಲಿಲ್ವಾ? ಪರೀಕ್ಷೆ ಬರ್ದು ಹೋಗ್ತಿದ್ಲಲ್ಲ. ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಕೆಂಪಯ್ಯ ಹೆಂಡತಿಯ ಮುಖ ನೋಡಿದ. "ಕೇಳಿದ್ವಲ್ಲ ಮಿಸ್ಸೇ."

"ಯಾವಾಗ?"

"ರಕ್ಷಮ್ಮನಿಗೆ ರಜೆ ಮುಗೀತಂತೆ, ಮಗು ನೋಡ್ಕೊಳ್ಳೋಕೆ ಯಾರೂ ಸಿಗ್ಲಿಲ್ಲಂತೆ. ನಿನ್ ಮಗಳನ್ನ ಕಳ್ಸು ಮಾರಾಯ ಅಂದ್ರು ಸಾವ್ಕಾರ್ರು. ಹುಡುಗಿ ಒಂದೇ ಸಮ ಅತ್ತಳು. ಆಗ ನಾನೇ ಅಂದೆ, ಹೋಗಿ ನಿಮ್ ಮಿಸ್ಸನ್ನ ಕೇಳು, ಅವ್ರು ಬೇಡ ಅಂದ್ರೆ ನಾನು ಸಾವ್ಕಾರ್ರಿಗೆ ಆಗಲ್ಲ ಅಂತೀನಿ. ಎದುರಿಗೆ ನಿಂತು ಹೇಳೋಕೆ ಅವ್ಳಿಗೆ ನಾಚ್ಕೆ. ಬರ್ದು ಕೊಟ್ಟಿದೀನಿ ಅಂದ್ಳು. ನೀವು ನೋಡಿ ಗುಡ್ ಅಂತ ಬರ್ದು ಕೊಟ್ರಿ." ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದ, "ಗುಡ್ ಅಂದ್ರೆ ಏನೂಂತ ನಮ್ಗೂ ಗೊತ್ತು ಮಿಸ್ಸೇ."

ಮರಿಯಮ್ಮ ದೇವರ ಪಟದ ಹಿಂದಿನಿಂದ ಪುಸ್ತಕ ತಂದುಕೊಟ್ಟಳು. ಮಿಸ್ಸು ತೆರೆದಳು. ಕುಂಟುವ ಇಂಗ್ಲಿಷಿನಲ್ಲಿ ಹುಡುಗಿ ಎಲ್ಲವನ್ನೂ ಬರೆದಿದ್ದಳು. ಭಾನುವಾರ ನಾನು ಮೈಸೂರಿಗೆ ಹೋಗುತ್ತಿದ್ದೇನೆ. ಅದಕ್ಕೊಂದು ರೈಟು. ರಕ್ಷಾ ಅಕ್ಕನ ಮಗುವನ್ನು ನೋಡಿಕೊಳ್ಳುತ್ತೇನೆ. ರೈಟು. ನಾನು ಪರೀಕ್ಷೆ ಬರೆಯುವುದಿಲ್ಲ. ಅಲ್ಲಿ ಬಿಟ್ಟುಹೋಗಿದ್ದ ಒಂದಕ್ಷರವನ್ನು ಕೆಂಪು ಶಾಯಿಯಲ್ಲಿ ಸೇರಿಸಿ, ಮತ್ತೆ ರೈಟು. ಹತ್ತನೆಯದು: ನಮ್ಮ ಮಿಸ್ಸು ಇದನ್ನು ಓದುತ್ತಾರೆ, ಓದಿ ನನ್ನ ಅಪ್ಪನಿಗೆ ಬೇಡ ಎಂದು ಹೇಳುತ್ತಾರೆ. ಅದಕ್ಕೂ ರೈಟು! ಕೆಳಗೆ ಹತ್ತಕ್ಕೆ ಒಂಬತ್ತೂವರೆ. ಗುಡ್.

ಅಯ್ಯೋ ಪಾಪಿ, ಅರ್ಧ ಮಾರ್ಕು ಬೇರೆ ಕಳೆದಿದ್ದೀಯಲ್ಲೇ ಎಂದು ತನ್ನನ್ನೇ ಬೈದುಕೊಂಡಳು. ಕಣ್ಣು ತುಂಬಿ ಬಂತು. ಆ ಗಂಡಹೆಂಡಿರ ಮುಂದೆ ಅಳುವುದಕ್ಕೂ ಮುಖವಿರಲಿಲ್ಲ.

ಕೆಂಪಯ್ಯ ಮೈಸೂರಿಗೆ ಫೋನು ಹಚ್ಚಿಕೊಟ್ಟ. ಆ ಕಡೆ ಮಗು ಕಿರುಚುತ್ತಿತ್ತು.

"ಚೆನ್ನಾಗಿದೀನಿ ಮಿಸ್. ಊಟ ಎಲ್ಲ ಚೆನ್ನಾಗಿ ಕೊಡ್ತಾರೆ."

"ಧನ್ಯಾ, ನೀನು ಬರ್ದಿದ್ದು ನೋಡ್ದೆ ಕಣೇ."

"ಆವತ್ತೇ ನೋಡಿದ್ರಲ್ಲ ಮಿಸ್." ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು ಅನ್ನಿಸಿತು ಮಿಸ್ಸಿಗೆ.

"ತಿದ್ದಿದ್ದೆ. ಓದಿರ್ಲಿಲ್ಲ."

ಮಗು ಇನ್ನೂ ಅಳುತ್ತಿತ್ತು. "ಪುಸ್ತಕ ಎಲ್ಲ ಮನೇಲೇ ಬಿಟ್ಟು ಬಂದಿದೀನಿ ಮಿಸ್," ಎಂದಳು ಹುಡುಗಿ. ಯಾರೋ ಕರೆದರು. ಫೋನು ಕಟ್ಟಾಯಿತು.

"ಈಗೇನ್ಮಾಡೋದು ಮಿಸ್ಸೇ? ಮಾತು ಕೊಟ್ಟಾಗಿದೆ," ಎಂದ ಕೆಂಪಯ್ಯ. ಅವನ ಟವಲು ಮತ್ತೆ ಕೈಗೆ ಬಂದಿತ್ತು. "ಸಾವ್ಕಾರ್ರ ಮುಂದೆ ನಾನು ಏನಂತ ಹೇಳ್ಲಿ?"

ಶಾಲೆಯ ಬೆಂಚು ಜಯದೇವಪ್ಪನವರು ಕೊಡಿಸಿದ್ದು, ಫ್ಯಾನೂ ಅವರೇ ಕೊಡಿಸಿದ್ದು. ಅವರ ಎದುರು ನಿಂತು ಇಲ್ಲ ಎಂದವರನ್ನು ಆ ಸುತ್ತಿನಲ್ಲಿ ಯಾರೂ ಕಂಡಿರಲಿಲ್ಲ, ಮಿಸ್ಸೂ ಅಂದಿರಲಿಲ್ಲ.

"ನೀವೇನೂ ಹೇಳ್ಬೇಡಿ. ಜೊತೆಗೆ ಬನ್ನಿ, ಸಾಕು," ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

ಬಂಗಲೆಯ ಜಗುಲಿಯಲ್ಲಿ ಜಯದೇವಪ್ಪನವರು ಪೇಪರು ಓದುತ್ತಿದ್ದರು. ಮಿಸ್ಸನ್ನು ಕಂಡು ಎದ್ದೇ ನಿಂತರು, ಪಾಪ, ಮರ್ಯಾದಸ್ಥರು. "ಓಹೋ, ಬನ್ನಿ ಬನ್ನಿ. ಕೆಂಪಯ್ಯನ ಮಗಳಿಗೆ ನೀವೇ ಗುಡ್ ಅಂದ್ರಂತೆ? ಬಹಳ ಸಂತೋಷ ಆಯ್ತು. ಇಷ್ಟು ದೂರ ಬಂದ್ರಲ್ಲ, ಏನ್ ಸಮಾಚಾರ?"

ಮೆಟ್ಟಿಲ ಕೆಳಗೆ ಕೆಂಪಯ್ಯ ಟವಲು ಹಿಡಿದು ನಿಂತಿದ್ದ. ಮಿಸ್ಸು ಚೀಲದಿಂದ ಪುಸ್ತಕ ಹೊರತೆಗೆದಳು.

"ಬೇಡ ಅಂತ ಹೇಳೋಕೆ ಬಂದೆ ಸರ್," ಎಂದಳು. "ಒಂದು ವಾರ ತಡ ಆಯ್ತು."