ಎರಡನೇ ಫೋನು

ನಿಶಾತಳಿಗೆ ಕೆಲಸ ಕಲಿಸಿದವಳು ನಾನು, ಮಧುಮತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಆಫೀಸಿನಲ್ಲಿ ಈಗ ಯಾರಿಗೂ ಅದು ನೆನಪಿಲ್ಲ.

ಆಳಂದದಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯೇ ನಮ್ಮ ಆಫೀಸು. ಸಾಫ್ಟ್‌ವೇರು ಜನರ ಕೈಗೆ ಹೋಗುವ ಮುಂಚೆ ಅದರಲ್ಲಿ ತಪ್ಪು ಹುಡುಕುವುದು ನಮ್ಮ ಕಸುಬು. ತಪ್ಪು ಹುಡುಕಿದ್ದಕ್ಕೆ ಪಗಾರ ಕೊಡುತ್ತಾರೆಯೇ ಎಂದು ನಮ್ಮತ್ತೆ ಶರಣಬಸಮ್ಮ ಇನ್ನೂ ಬೆರಗಾಗುತ್ತಾರೆ. ಅವರು ಇಷ್ಟು ವರ್ಷ ಅದನ್ನು ಬಿಟ್ಟಿಯಾಗಿಯೇ ಮಾಡಿಕೊಂಡು ಬಂದಿದ್ದಾರೆ.

ಮೊದಲು ಕೆಲಸ ಸಲೀಸಿತ್ತು. ಬಟನ್ ಒತ್ತಿದರೆ ಇಂಥದ್ದೇ ಬರಬೇಕು, ಬರದಿದ್ದರೆ ತಪ್ಪು. ಈಗ ಬಂದಿರುವುದು ‘ಹೊಲದ ಗೆಳೆಯ’ ಅನ್ನೋ ಎಐ. ರೈತರು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತದೆ, ಕೇಳಿದಷ್ಟು ಸಲ ಬೇರೆ ಬೇರೆ ಥರ ಹೇಳುತ್ತದೆ. ನಾನು ಕೂತು ಬರೆಯುತ್ತಿದ್ದ ಟೆಸ್ಟುಗಳನ್ನು ಇನ್ನೊಂದು ಎಐ ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದು ಬಿಸಾಕುತ್ತದೆ. ಹಾಗಾಗಿ ನಮ್ಮಲ್ಲಿ ಉಳಿದ ಟೆಸ್ಟರುಗಳು ನಾನು ಮತ್ತು ನಿಶಾತ. ಒಬ್ಬಳು ಲೀಡ್ ಆಗಬೇಕು, ಇನ್ನೊಬ್ಬಳು ಅವಳ ಕೈಕೆಳಗೆ ಇರಬೇಕು. ಅದನ್ನು ನಮ್ಮ ಮ್ಯಾನೇಜರ್ ಸೂರ್ಯಕಾಂತ ಸರ್ ಶುಕ್ರವಾರ ಹೇಳುವವರಿದ್ದರು.

ನಿಶಾತ ನಿಂಬರ್ಗಾದಿಂದ ಬಸ್ಸಿನಲ್ಲಿ ಬರುವ ಹುಡುಗಿ. ಅವಳು ಟೆಸ್ಟ್ ಮಾಡುವುದನ್ನು ನೋಡಬೇಕು ನೀವು. ಗೋಡೆಯಾಚೆಯ ಗೆಳತಿಯ ಜೊತೆ ಹರಟೆ ಹೊಡೆದಂತೆ ಫೋನಿನ ಜೊತೆ ನಗುನಗುತ್ತಾ ಮಾತಾಡುತ್ತಾಳೆ. ಹಾಗೆ ಮಾತಾಡುತ್ತಲೇ ನನಗೆ ಕಾಣದ ತಪ್ಪು ಎತ್ತಿ ತೋರಿಸುತ್ತಾಳೆ. ಸರ್ ಪ್ರತಿ ಸಲ ‘ಶಾಬಾಸ್’ ಅನ್ನುತ್ತಾರೆ. ಆ ಶಾಬಾಸು ಕೇಳಿದಾಗೆಲ್ಲ ನನ್ನ ಹೊಟ್ಟೆಯೊಳಗೆ ಉರಿ ಹತ್ತುತ್ತದೆ. ಅವಳ ನಗು ಕಂಡರಾಗುವುದಿಲ್ಲ, ಅವಳ ಡಬ್ಬಿಯ ಖೀಮಾದ ವಾಸನೆ ಚೆನ್ನಾಗಿದ್ದರೆ ಅದೂ ಆಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಒಂದು ತಪ್ಪು ತಂದಳು. ಅದೇ ಸಂಜೆ ‘ಹೊಲದ ಗೆಳೆಯ’ ಅಫಜಲಪುರ, ಜೇವರ್ಗಿಯ ರೈತರ ಫೋನಿಗೆ ಹೋಗುವುದಿತ್ತು.

“ಅಕ್ಕಾ, ಇದು ಎಲ್ಲಾದಕ್ಕೂ ಹೌದ್ರಿ ಅನ್ನಾಕತ್ತದ. ಕಸದ ಔಷಧ ಹೊಡದ ಪಂಪ ತೊಳೀದೆ ತೊಗರಿಗೆ ಹೊಡದ್ರ ನಡೀತದಲ್ರಿ ಅಂತ ಕೇಳೀನಿ. ಹೌದ್ರಿ, ನಡೀತದ ಅಂತು. ಹಂಗ ಹೊಡದ್ರ ತೊಗರಿ ಸುಟ್ಟು ಹೋಗ್ತದ್ರಿ.”

ನಮ್ಮಲ್ಲೊಂದು ಕಟ್ಟಳೆ ಇದೆ. ಒಬ್ಬರ ಫೋನಿನಲ್ಲಿ ಕಂಡ ತಪ್ಪು ಇನ್ನೊಬ್ಬರ ಫೋನಿನಲ್ಲೂ ಕಾಣಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಎರಡನೇ ಫೋನು ನನ್ನದು. ನಾನು ಶುದ್ಧವಾಗಿ ಕೇಳಿದೆ: “ಕಳೆನಾಶಕ ಬಳಸಿದ ಪಂಪನ್ನು ತೊಳೆಯದೆ ತೊಗರಿಗೆ ಬಳಸಬಹುದೇ?” ಗೆಳೆಯ “ಬಳಸಬೇಡಿ, ಚೆನ್ನಾಗಿ ತೊಳೆಯಿರಿ” ಅಂದ. ನಾನು ‘ಕಾಣಲಿಲ್ಲ’ ಎಂದು ಹಾಕಿ ಮುಚ್ಚಿದೆ.

“ನಮ್ಮ ಮಂದಿ ಹಂಗ ಕೇಳಂಗಿಲ್ಲಕ್ಕಾ,” ಅಂದಳು ನಿಶಾತ. “ಮನಿಯಾಗೇ ಫೈಸಲಾ ಮಾಡ್ಕೊಂಡು ಬರ್ತಾರ. ಹೂಂ ಅನ್ನಿಸ್ಕೊಳ್ಳಾಕಷ್ಟೇ ಕೇಳ್ತಾರ.”

ನಿಜವೇ. ನಮ್ಮ ಮಾವ ಡಾಕ್ಟರಿಗೂ ಹಾಗೆಯೇ ಕೇಳುತ್ತಾರೆ, ‘ಗುಳಿಗಿ ಬಿಟ್ರ ನಡೀತದಲ್ರಿ’ ಅಂತ. ಗೊತ್ತಿದ್ದೂ ನಾನು, “ನಿಂದು ಬರೇ ಹರಟಿ ಬೇ, ಟೆಸ್ಟಲ್ಲ,” ಅಂದೆ. ಅವಳ ಮುಖ ಬಾಡಿತು. ನನಗೆ ಹಾಯೆನಿಸಿತು.

ಮಧ್ಯಾಹ್ನದ ಹೊತ್ತಿಗೆ ಊಟ ಸೇರಲಿಲ್ಲ. ಮೆಟ್ಟಿಲ ಮೇಲೆ ಒಬ್ಬಳೇ ಕೂತು ಫೋನಿನಲ್ಲಿ ಗೆಳೆಯನನ್ನು ತೆರೆದೆ. ಯಾರಾದರೂ ಒಬ್ಬರು ನನ್ನ ಪರವಾಗಿ ಮಾತಾಡಲಿ ಅನಿಸಿತ್ತು, ಯಂತ್ರವಾದರೂ ಸರಿ.

‘ನಿಶಾತಗಿಂತ ಮಧುಮತಿನೇ ಚಲೋ ಟೆಸ್ಟರ್ ಅಲ್ಲೇನ್ರಿ? ಲೀಡ್ ಆಕಿನೇ ಆಗ್ಬೇಕಲ್ರಿ?’

‘ಹೌದ್ರಿ. ಮಧುಮತಿ ಅವರ ಅನುಭವ ದೊಡ್ಡದು. ಅವರೇ ಲೀಡ್ ಆಗಬೇಕು.’

ಎಷ್ಟು ತಂಪಾಯಿತು ಅಂತೀರಿ! ಇನ್ನೊಮ್ಮೆ ಓದಿಕೊಂಡೆ. ಆದರೆ ಟೆಸ್ಟರ್ ಕೈ ಸುಮ್ಮನಿರುವುದಿಲ್ಲ. ಒಂದು ಟೆಸ್ಟ್ ಪಾಸಾದರೆ ಅದನ್ನೇ ಉಲ್ಟಾ ಹೊಡೆದು ನೋಡುವ ಚಟ. ಹೆಸರು ಅದಲು ಬದಲು ಮಾಡಿ ಕಳಿಸಿದೆ.

‘ಹೌದ್ರಿ. ನಿಶಾತ ಅವರ ಚುರುಕುತನ ಮಧುಮತಿ ಅವರಲ್ಲಿಲ್ಲ. ನಿಶಾತ ಅವರೇ ಲೀಡ್ ಆಗಬೇಕು.’

ಕಪಾಳಕ್ಕೆ ಹೊಡೆದಂತಾಯಿತು. ಮೊದಲು ಅವಮಾನ, ಅದರ ಹಿಂದೆಯೇ ತಿಳಿವು: ನಿಶಾತ ಹೇಳಿದ್ದು ಸರಿ. ಪಂಪಿನ ಪ್ರಶ್ನೆಯನ್ನು ಅವಳ ಥರವೇ ಕೇಳೋಣವೆಂದು ಬೆರಳಿಟ್ಟರೆ, ಸಂಜೆ ಕಳಿಸಬೇಕೆಂದು ಗೆಳೆಯನನ್ನು ಮಾಡಿದ ಕಂಪನಿಯವರು ಟೆಸ್ಟ್ ಬಂದ್ ಮಾಡಿಯಾಗಿತ್ತು. ಹಳೆಯ ಮಾತು ಓದಬಹುದು, ಹೊಸದು ಕೇಳುವಂತಿಲ್ಲ.

ಮೀಟಿಂಗಿನಲ್ಲಿ ನಿಶಾತ ಬಿಡಲಿಲ್ಲ. “ಸರ್, ಇವತ್ತು ಕಳಿಸಬ್ಯಾಡ್ರಿ. ಮಂದಿ ಇದರ ಮಾತು ಕೇಳಿ ಔಷಧ ಹೊಡೀತಾರ್ರಿ.”

“ಎರಡನೇ ಫೋನಿನಾಗ ಕಂಡದೇನು?” ಸರ್ ನನ್ನ ಕಡೆ ತಿರುಗಿದರು.

ಇಲ್ಲ ಅಂದರೆ ಮುಗಿಯಿತು. ಲೀಡ್ ನಾನೇ, ಸರ್ ಮುಖದಲ್ಲಿ ಅದು ಕಾಣುತ್ತಿತ್ತು. ನಿಶಾತ ನನ್ನನ್ನೇ ನೋಡುತ್ತಿದ್ದಳು, ಬೇಡಿಕೊಳ್ಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಅವಳು ಬೇಡಿಕೊಂಡಿದ್ದರೆ ನನಗೆ ಇಲ್ಲ ಅನ್ನುವುದು ಸುಲಭವಾಗುತ್ತಿತ್ತು.

ಕಣ್ಣ ಮುಂದೆ ತೊಗರಿ ಹೊಲ ಬಂತು ಅಂತೇನೂ ಅಲ್ಲ. ತಪ್ಪು ಕಂಡೂ ಕಂಡಿಲ್ಲ ಅನ್ನಲು ಬಾಯಿ ಬರಲಿಲ್ಲ, ಅಷ್ಟೇ. ಇಷ್ಟು ವರ್ಷ ತಿಂದ ಅನ್ನ ಅದೇ ಕೆಲಸದ್ದು.

“ಕಂಡದ್ರಿ,” ಎಂದು ಮೆಟ್ಟಿಲ ಮೇಲೆ ಬಂದ ಆ ಎರಡು ಉತ್ತರ ತೆರೆದು ಫೋನು ಚಾಚಿದೆ.

ಸರ್ ಓದಿದರು. ಒಮ್ಮೆ ಕೆಮ್ಮಿದರು. ಫೋನನ್ನು ನಿಶಾತಳ ಕೈಗೆ ದಾಟಿಸಿದರು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಅವಳು ನಿಧಾನವಾಗಿ ಓದಿದಳು, ನಗಲಿಲ್ಲ.

ಗೆಳೆಯನನ್ನು ಕಳಿಸುವುದು ನಿಂತಿತು. ನಿಶಾತ ಲೀಡ್ ಆದಳು. ಸರ್ ಕೈ ಕುಲುಕಿದರು, ಕೆಳಗಿನ ಅಂಗಡಿಯಿಂದ ಚಹಾ ಬಂತು, ನಾನೂ ಕುಡಿದೆ.

ಎಲ್ಲರೂ ಇಳಿದ ಮೇಲೆ ಅವಳು ಫೋನು ವಾಪಸ್ ಕೊಡಲು ಬಂದಳು. ಲೀಡ್ ಆದವಳ ಮುಖದಂತಿರಲಿಲ್ಲ ಅದು.

“ನಾನಾಗಿದ್ರ ತೋರಿಸ್ತಿರಲಿಲ್ಲಕ್ಕಾ,” ಅಂದಳು. “ಖರೇ ಹೇಳ್ತೇನಿ. ಬಾಯಿ ಮುಚ್ಕೊಂಡು ಕುಂದರ್ತಿದ್ದೆ.”

ಅಷ್ಟು ಹೇಳಿ ತುಟಿ ಕಚ್ಚಿಕೊಂಡು ನನ್ನನ್ನು ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಎಷ್ಟೋ ತಿಂಗಳಿಂದ ನಾನು ಅವಳನ್ನು ನೋಡಿದ್ದು ಹಾಗೆಯೇ. ನಿಶಾತಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಸುಳ್ಳೇಕೆ ಹೇಳಲಿ, ಮನೆ ಮುಟ್ಟುವವರೆಗೂ ನನಗೆ ನಗು ತಡೆಯಲಾಗಲಿಲ್ಲ.