ಗ್ಯಾಸಿಲ್ಲದ ಸೋಡಾ

ಭಾವ ಮಾರಿದ ಸೋಡಾದಲ್ಲಿ ಗ್ಯಾಸ್ ಇರಲಿಲ್ಲ. ನಂಟಸ್ತಿಕೆಗಳು ಮುರಿದುಬೀಳುವುದು ಇಂಥ ಘೋರ ಪ್ರಕರಣಗಳಿಂದಲೇ ಆದ್ದರಿಂದ ಇದನ್ನು ವಿವರವಾಗಿ ದಾಖಲಿಸಬೇಕಾಗಿದೆ.

ಬಾಟಲಿ ತೆರೆದವನು ವೆಲ್ಡರ್. ತೆರೆದ ಜಾಗ ನದಿಯ ತಳಕ್ಕಿಂತ ಕೆಳಗಿನ ಸುರಂಗ. ನೀರು ನುಗ್ಗದಂತೆ ಅಲ್ಲಿ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಹೊರಗಿನದರ ಮೂರು ಪಟ್ಟು ಒತ್ತಡ. ಎಲ್ಲರಿಗೂ ಮೂಗಿನ ದನಿ. ಸಿಳ್ಳೆ ಹಾಕಿದರೆ ಬರೀ ತುಟಿಯ ಕಸರತ್ತು. ಮುಚ್ಚಳ ತೆಗೆದರೂ ಸೋಡಾ ಬುಸ್ಸೆನ್ನಲಿಲ್ಲ. ಅಕ್ಕನ ಗಂಡ ಕೊಳಾಯಿ ನೀರು ತುಂಬಿ ಕೊಟ್ಟಿದ್ದಾನೆಂದು ವೆಲ್ಡರ್ ಸುರಂಗಕ್ಕೆಲ್ಲ ಸಾರಿದ.

ಅಷ್ಟರಲ್ಲಿ ಮೇಲಿನಿಂದ ಫೋನು. ಕಣ್ಣಿನ ಆಪರೇಷನ್ ಆಗಿದ್ದ ಅಮ್ಮನ ಪಟ್ಟಿಯನ್ನು ನಾಳೆಯಲ್ಲ, ಇವತ್ತೇ ನಾಲ್ಕಕ್ಕೆ ಬಿಚ್ಚುತ್ತಾರಂತೆ. ಎರಡು ವರ್ಷದಿಂದ ಏನೂ ಕಾಣದ ಅಮ್ಮ, "ಮೊದಲು ನಿನ್ನ ಮುಖಾನೇ ನೋಡೋದು" ಎಂದಿದ್ದಳು. ಗಂಟೆ ಆಗಲೇ ಮೂರೂಕಾಲು.

ಹೊರಬರುವ ದಾರಿ ಒಂದೇ: ಎರಡು ಕಬ್ಬಿಣದ ಬಾಗಿಲುಗಳ ನಡುವಿನ ಪುಟ್ಟ ಕೋಣೆ. ಅಲ್ಲಿ ಕೂರಿಸಿ ಒತ್ತಡವನ್ನು ಮೆಲ್ಲಗೆ ಇಳಿಸುತ್ತಾರೆ. ಅದರ ತಿರುಪು ಇದ್ದದ್ದು ಹೊರಗೆ ಗಾಜಿನ ಕಿಂಡಿಯ ಬಳಿ ಕೂತ, ಒಂದು ಕಾಲೆಳೆದು ನಡೆಯುವ ಮುದುಕನ ಕೈಯಲ್ಲಿ. ಎಲ್ಲರ ಬಾಯಲ್ಲೂ ಅವನು ನಿಧಾನಪ್ಪ.

ಅರ್ಧ ಕುಡಿದ ಬಾಟಲಿ ಹಿಡಿದೇ ಒಳಹೊಕ್ಕ ವೆಲ್ಡರ್ ಮೈಕಿನಲ್ಲಿ ಕೇಳಿದ, "ಎಷ್ಟೊತ್ತಣ್ಣ?"

"ಒಂದು ಗಂಟೆ ಹತ್ತು ನಿಮಿಷ."

"ಹತ್ತೇ ನಿಮಿಷಕ್ಕೆ ಬಿಟ್ಬಿಡಣ್ಣ, ಅಮ್ಮ ಕಾಯ್ತಿದಾಳೆ. ನಿನ್ನ ಕಾಲಿಗೆ ಬೀಳ್ತೀನಿ."

"ಯಾವ ಕಾಲಿಗೆ? ಚೆನ್ನಾಗಿರೋದು ಒಂದೇ. ಆ ಬಾಟ್ಲಿ ಬೆಂಚಿನ ಮೇಲಿಟ್ಟು ನೋಡ್ತಾ ಇರು."

ತಿರುಪು ಕೂದಲೆಳೆಯಷ್ಟು ತಿರುಗಿತು. ಕಿವಿ ಟಪ್ಪೆಂದಿತು. ಸತ್ತಿದ್ದ ಸೋಡಾದಲ್ಲಿ ಒಂದು ಗುಳ್ಳೆ ಎದ್ದಿತು, ಅದರ ಹಿಂದೆ ಹತ್ತು, ಆಮೇಲೆ ಸಾಲುಸಾಲು.

"ಅರೇ, ಗ್ಯಾಸ್ ಬಂತು!"

"ಬಂದಿದ್ದಲ್ಲಪ್ಪ, ಇತ್ತು. ಗಾಳಿ ಅದರ ತಲೆ ಮೇಲೆ ಕೂತಿತ್ತು. ನಿನ್ನ ರಕ್ತದಲ್ಲೂ ಹೀಗೇ ಗಾಳಿ ಕರಗಿದೆ. ನಿಧಾನಕ್ಕೆ ಬಿಟ್ರೆ ಉಸಿರಲ್ಲಿ ಹೋಗುತ್ತೆ. ಅವಸರ ಮಾಡಿದ್ರೆ ಮೈಯೊಳಗೇ ಗುಳ್ಳೆ ಎದ್ದು ಕೀಲಲ್ಲೋ ಬೆನ್ನುಹುರಿಯಲ್ಲೋ ಕೂರುತ್ತೆ. ನನ್ನ ಕಾಲು ಹೋಗಿದ್ದು ಯಾಕೆ ಗೊತ್ತಾ? ಫಸ್ಟ್ ಶೋ ತಪ್ಪುತ್ತೆ ಅಂತ."

"ಸಿನಿಮಾ ಹೇಗಿತ್ತು?"

"ಇವತ್ತಿಗೂ ನೋಡಿಲ್ಲ."

ವೆಲ್ಡರ್ ಗುಳ್ಳೆಗಳನ್ನು ನೋಡುತ್ತ ಬೆಂಚಿನ ಮೇಲೆ ಕೂತ. ಗೋಡೆಯ ಗಡಿಯಾರ ನಾಲ್ಕು ಹೊಡೆದು ಮುಂದೆ ಹೋಯಿತು.

ಓಡಬಾರದೆಂದು ನಿಧಾನಪ್ಪ ತಾಕೀತು ಮಾಡಿದ್ದರಿಂದ ಸೇತುವೆಯಾಚೆಯ ಆಸ್ಪತ್ರೆಗೆ ನಡೆದೇ ಹೋದ. ಐದಕ್ಕೆ ಹತ್ತು ನಿಮಿಷವಿತ್ತು. ಅಮ್ಮನ ಪಟ್ಟಿ ಕಣ್ಣ ಮೇಲೇ ಇತ್ತು.

"ಡಾಕ್ಟ್ರು ಎರಡು ಸಲ ಬಂದು ಹೋದ್ರು," ಎಂದ ಭಾವ. "ಅತ್ತೆ ಎರಡೂ ಕೈಲಿ ಪಟ್ಟಿ ಅದುಮಿ ಹಿಡ್ಕೊಂಡು, ಮಗ ಬರ್ಲಿ ಅಂತ ಕೂತುಬಿಟ್ರು."

ಪಟ್ಟಿ ಬಿಚ್ಚಿದರು. ಅಮ್ಮ ರೆಪ್ಪೆ ಬಡಿದು ಮಗನನ್ನು ದಿಟ್ಟಿಸಿದಳು.

"ಕೂದಲೆಲ್ಲ ಎಲ್ಲಿ ಹೋಯ್ತೋ?"

ವೆಲ್ಡರ್ ಅಳುತ್ತಲೇ ನಕ್ಕ. ಅವಳ ಹಾಸಿಗೆಯವರೆಗೆ ಎರಡು ಕಾಲಲ್ಲಿ ನಡೆದು ಬಂದದ್ದು ಯಾರ ದಯೆಯೆಂದು ಅವನಿಗೆ ಗೊತ್ತಿತ್ತು.

ಮರುದಿನ ನಿಧಾನಪ್ಪನ ಮೇಜಿನ ಮೇಲೆ ಒಂದು ಕ್ರೇಟ್ ಸೋಡಾ ಇತ್ತು. ಮೊದಲನೆಯದು ತೆರೆದಾಗ ಅವನ ಮೂಗಿಗೇ ಚಿಮ್ಮಿತು. ಭಾವನ ಮೇಲಿನ ದೂರನ್ನು ಹಿಂದಕ್ಕೆ ಪಡೆಯಲಾಗಿದೆ.